ಅಂಕ ಕೂಡಿಸುವ ಮೊದಲು ಹಾಳೆ ನೋಡಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಕಾಲೇಜು, ಕೋಚಿಂಗ್ ಕೇಂದ್ರಗಳಲ್ಲಿ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿಸಿ, ಅಂದೇ ಪಾಲಕರ ಕೈಗೆ ವರದಿ ಕೊಡುವ ರೂಢಿ ಬೆಳೆಯುತ್ತಿದೆ. ಹುಡುಗ ಓದಿ ಉತ್ತರಿಸಿದನೋ, ಕಣ್ಣುಮುಚ್ಚಿ ಗುರುತು ಹಾಕಿದನೋ ಎಂದು ನೋಡದೆ ಕೊಟ್ಟ ವರದಿ ನಂಬಿ ಕೋರ್ಸ್ ಆರಿಸಬಾರದು.

1989ರ ಎಂಎಂಪಿಐ-2 ಎಂಬ ಪ್ರಸಿದ್ಧ ವ್ಯಕ್ತಿತ್ವ ಪರೀಕ್ಷೆಯ 567 ಹೇಳಿಕೆಗಳೊಳಗೇ ಈ ತಪಾಸಣೆ ಇದೆ. ಒಂದೇ ಅರ್ಥದ ಇಲ್ಲವೇ ವಿರುದ್ಧ ಅರ್ಥದ ಹೇಳಿಕೆಗಳ 67 ಜೋಡಿಗಳ ಉತ್ತರ ಪರಸ್ಪರ ತಾಳೆಯಾಗುತ್ತದೆಯೇ ಎಂದು ಒಂದು ಮಾಪಕ ನೋಡುತ್ತದೆ. ಓದದೆ ಎಲ್ಲಕ್ಕೂ ‘ಸರಿ’ ಅಥವಾ ಎಲ್ಲಕ್ಕೂ ‘ತಪ್ಪು’ ಎಂದವರನ್ನು ಇನ್ನೊಂದು ಹಿಡಿಯುತ್ತದೆ. 30 ಅಥವಾ ಹೆಚ್ಚು ಹೇಳಿಕೆಗಳಿಗೆ ಉತ್ತರ ಬಿಟ್ಟಿದ್ದರೆ ಹಾಳೆಯೇ ಅಸಿಂಧು. ಇಲ್ಲಿ ಬಳಸುವ ಐವತ್ತು-ಅರವತ್ತು ಪ್ರಶ್ನೆಗಳ ಪಟ್ಟಿಗಳಲ್ಲಿ ಬಹುಪಾಲು ಇಂಥ ಏರ್ಪಾಡು ಇರುವುದಿಲ್ಲ. ಕೈಯಿಂದಲೇ ನೋಡಬೇಕು.

ಮೊದಲು, ಒಂದೇ ಆಯ್ಕೆ ಸತತವಾಗಿ ಎಷ್ಟು ಸಲ ಬಂದಿದೆ ಎಣಿಸಿ. ತಿರುವು ಹೇಳಿಕೆಗಳ (ವಿರುದ್ಧ ಅರ್ಥದಲ್ಲಿ ಬರೆದವುಗಳ) ಅಂಕ ಅದಲುಬದಲು ಮಾಡುವ ಮುನ್ನವೇ ಎಣಿಸಬೇಕು, ಆಮೇಲೆ ಆ ಸಾಲು ಒಡೆದುಹೋಗಿ ಕಾಣುವುದೇ ಇಲ್ಲ. 1-2-3-4-5 ಎಂದು ಓರೆಯಾಗಿ ಗುರುತು ಹಾಕಿದವರು ಈ ಎಣಿಕೆಗೆ ಸಿಗುವುದಿಲ್ಲ, ಜೋಡಿಗಳಲ್ಲಿ ಸಿಗುತ್ತಾರೆ. ‘ಜನರ ಜೊತೆ ಬೆರೆಯುವುದು ನನಗೆ ಇಷ್ಟ’, ‘ಜನ ಸೇರಿದಲ್ಲಿ ನನಗೆ ಕಸಿವಿಸಿ’ ಎರಡಕ್ಕೂ ‘ಪೂರ್ತಿ ಒಪ್ಪುತ್ತೇನೆ’ ಎಂದಿದ್ದರೆ ಅನುಮಾನಪಡಿ. ಆದರೆ ಒಂದು ಜೋಡಿಯಿಂದ ಏನೂ ತೀರ್ಮಾನಿಸಬೇಡಿ, ಹಲವು ಜೋಡಿ ತಪ್ಪಿರಬೇಕು. ಕಂಪ್ಯೂಟರಿನಲ್ಲಾದರೆ ಸಮಯವನ್ನೂ ನೋಡಿ: ಹೇಳಿಕೆಗೆ ಸರಾಸರಿ 2 ಸೆಕೆಂಡಿಗಿಂತ ಕಡಿಮೆ ಎಂದರೆ ಓದಿಲ್ಲ.

ತಾಳೆಯಾಗದ್ದೆಲ್ಲ ಉಡಾಫೆಯಲ್ಲ, ಇದು ಬಹಳ ಮುಖ್ಯ. ಓಎಂಆರ್ ಹಾಳೆಯಲ್ಲಿ ಒಂದು ಸಾಲು ತಪ್ಪಿದರೆ ಮುಂದಿನ ಉತ್ತರಗಳೆಲ್ಲ ಜಾರುತ್ತವೆ. 30ನೇ ಪ್ರಶ್ನೆಯವರೆಗೆ ಜೋಡಿಗಳು ಸರಿಯಿದ್ದು, ಅಲ್ಲಿಂದ ಒಮ್ಮೆಲೇ ಕೆಟ್ಟಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ. ಇನ್ನೊಂದು ತೊಡಕು ಪ್ರಶ್ನೆ ಬರೆದವರದು. ‘ನನಗೆ ಬೇಗ ಸಿಟ್ಟು ಬರುವುದಿಲ್ಲ’ ಎಂದು ಬರೆದು, ಎದುರಿಗೆ ‘ಹೌದು / ಇಲ್ಲ’ ಕೊಟ್ಟರೆ ಶಾಂತ ಸ್ವಭಾವದ ಹುಡುಗಿ ‘ಇಲ್ಲ, ಬರುವುದಿಲ್ಲ’ ಎಂದುಕೊಂಡು ‘ಇಲ್ಲ’ಕ್ಕೇ ಗುರುತು ಹಾಕುತ್ತಾಳೆ. ಅಂಕ ಕೂಡಿಸಿದಾಗ ಆಕೆ ಮುಂಗೋಪಿ! ‘ಸಿಟ್ಟು ಬಂದರೂ ತಡೆದುಕೊಳ್ಳುತ್ತೇನೆ’ ಎಂಬಂತೆ ಬರೆದು, ‘ಒಪ್ಪುತ್ತೇನೆ / ಒಪ್ಪುವುದಿಲ್ಲ’ ಕೊಡಿ.

ಅನುಮಾನದ ಹಾಳೆಗೆ ಅಂಕ ಕೊಡಬೇಡಿ, ವಿದ್ಯಾರ್ಥಿಯನ್ನು ಗದರಿಸಲೂಬೇಡಿ. ಎದುರು ಕೂರಿಸಿಕೊಂಡು, ತಪ್ಪಿದ ಜೋಡಿಗಳ ಬಗ್ಗೆ ಕೇಳಿ. ಬೇಕಾದರೆ ಇನ್ನೊಂದು ದಿನ, ಗದ್ದಲವಿಲ್ಲದ ಕೋಣೆಯಲ್ಲಿ ಮತ್ತೆ ಬರೆಸಿ. ಈ ತಪಾಸಣೆ ಮಾಡಿದ್ದೀರಾ ಎಂದು ಪಾಲಕರೂ ವರದಿ ಪಡೆಯುವಾಗಲೇ ಕೇಳಲಿ.

— ಮನಃಶಾಸ್ತ್ರ ಉಪನ್ಯಾಸಕರು, ಧಾರವಾಡ