ಸೈಲೆನ್ಸರ್ ಬಗ್ಗೆ ಸಿನಿಮಾ ನಂಬ್ಬೇಡಿ

ಮಾನ್ಯ ಸಂಪಾದಕರೇ,

ಬಂದೂಕಿನ ಸದ್ದು ತಗ್ಗಿಸೋ ಸೈಲೆನ್ಸರ್ ಅಂದ ಕೂಡ್ಲೇ ನಮ್ಮೋರಿಗೆ ಸಿನಿಮಾ ಕೊಲೆಗಾರನೇ ನೆನಪಾಗೋದು, ಆದ್ರೆ ನ್ಯೂಜಿಲೆಂಡಲ್ಲಿ ಮೊಲದ ಕಾಟ ತಡೆಯೋಕೆ ರೈತರು ಪಾಯಿಂಟ್ 22 ಅನ್ನೋ ಸಣ್ಣ ಗುಂಡಿನ ರೈಫಲ್‌ಗೆ ಇದನ್ನ ಮಾಮೂಲಿಯಾಗಿ ಹಾಕ್ತಾರೆ. ಕೆಲವು ರೈಫಲ್‌ಗಳಲ್ಲಿ ಅದು ಬ್ಯಾರಲ್, ಅಂದ್ರೆ ಗುಂಡು ಹೊರಡೋ ನಳಿಕೆ ಜೊತೇಲೇ ಸೇರ್ಕೊಂಡಿರತ್ತೆ, ಬ್ಯಾರಲ್‌ನ ಸಣ್ಣ ತೂತುಗಳಿಂದ ಮದ್ದಿನ ಗ್ಯಾಸ್ ಹೊರಗಿನ ಕೊಳವೆಗೆ ಹೋಗಿ ಗುಂಡಿನ ವೇಗ ಶಬ್ದದ ವೇಗಕ್ಕಿಂತ, ಅಂದ್ರೆ ಸೆಕೆಂಡಿಗೆ ಸುಮಾರು 340 ಮೀಟರ್‌ಗಿಂತ ಕೆಳಗೇ ಉಳಿಯತ್ತೆ, ಹಂಗಾಗಿ ಗಾಳಿ ಸೀಳೋ ಆ ಚಟೀರ್ ಸದ್ದು ಬರಲ್ಲ. ಪೂರ್ತಿ ನಿಶ್ಶಬ್ದ ಅಂತೂ ಅಲ್ವೇ ಅಲ್ಲ, ಮುಂದಿನ ಗುಂಡು ತಾನೇ ತುಂಬ್ಕೊಳ್ಳೋ ಸೆಮಿ ಆಟೊಮ್ಯಾಟಿಕ್ ಆದ್ರೆ ಒಳಗೆ ಹಿಂದೆ ಮುಂದೆ ಓಡೋ ಬೋಲ್ಟ್ ಬಡಿಯೋದು ಚೆನ್ನಾಗೇ ಕೇಳತ್ತೆ. ಅಮೆರಿಕದಲ್ಲಿ 1934ರ ಕಾನೂನಿನಂತೆ ಸೈಲೆನ್ಸರ್ ಮೇಲಿದ್ದ 200 ಡಾಲರ್ ತೆರಿಗೆ 2026ರ ಜನವರಿಯಿಂದ ಸೊನ್ನೆಯಾಗಿದೆ, ನೋಂದಣಿ ಹಾಗೇ ಇದೆ. ಕಿವಿ ಕಾಪಾಡೋ ಸಾಮಾನು ಇದು, ದಯವಿಟ್ಟು ಪತ್ರಿಕೆಗಳು ಹಂಗೇ ಬರೀಲಿ.

ಇಂತಿ, ಒಬ್ಬ ಓದುಗ