ಆಯಿಗೆ ನೀರು ಕುಡಿಸುವ ಕೆಲಸ

ಪ್ರೀತಿಯ ಗೆಳೆಯಾ,

ನನ್ನ ಹೆತ್ತ ಆಯಿಯ ವರ್ಷಾಂತಿಕಕ್ಕೆ ನೀನು ಬೆಂಗಳೂರಿನಿಂದ ಬಂದೆ, ಪಂಕ್ತಿಯಲ್ಲಿ ನಿಂತು ಬಡಿಸಿದೆ, ಎಲ್ಲ ಸರಿ. ಹೊರಡುವಾಗ ಅಂಗಳದಲ್ಲಿ ‘ಪಾಪ, ನಿನಗೆ ಬಾಲ್ಯವೆಂಬುದೇ ಇರಲಿಲ್ಲ’ ಎಂದೆಯಲ್ಲ, ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಎಂಟು ದಿನದಿಂದ ಕಾಡುತ್ತಿದೆ.

ಇತ್ತು ಮಾರಾಯ, ಬಾಲ್ಯ ಇತ್ತು. ಅದರಲ್ಲಿ ಆಯಿಯದೆಷ್ಟು, ಕಾಯಿಲೆಯದೆಷ್ಟು ಎಂದು ಬಿಡಿಸಿ ನೋಡುವುದು ಮಾತ್ರ ನನಗೆ ಕಷ್ಟವಾಗಿದೆ.

ತೊಡದೇವು ತಿಂದ ರಾತ್ರಿ ನಿನಗೂ ನೆನಪಿರಬೇಕು. ನೀನು ನಮ್ಮಲ್ಲೇ ಮಲಗಿದ್ದೆ. ಆಲೆಮನೆಯಿಂದ ಕಬ್ಬಿನ ಹಾಲು ಬಂದಿತ್ತು. ರಾತ್ರಿ ಎರಡು ಗಂಟೆಗೆ ಆಯಿ ಎಲ್ಲರನ್ನೂ ಎಬ್ಬಿಸಿದಳು. ಒಲೆಯ ಮೇಲೆ ಮಡಕೆ ಬೋರಲಾಗಿತ್ತು. ಬಟ್ಟೆ ಸುತ್ತಿದ ಕೋಲಿನಿಂದ ಹಿಟ್ಟನ್ನು ಒಂದೇ ಸಲಕ್ಕೆ ಸವರಿ, ಕಾಗದಕ್ಕಿಂತ ತೆಳ್ಳಗೆ ಎದ್ದ ಹಾಳೆಯನ್ನು ಬಿಸಿ ಆರುವ ಮೊದಲೇ ಮಡಚಿ ನಮ್ಮ ಕೈಗೆ ಹಾಕುತ್ತಿದ್ದಳು. ಬಾಯಲ್ಲಿ ಬೆಳಗಿನವರೆಗೂ ಹಾಡು. ಅಷ್ಟು ಸಂತೋಷದ ರಾತ್ರಿ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ. ಆಮೇಲೆ ವಾರವಿಡೀ ಅವಳು ಕಣ್ಣು ಮುಚ್ಚಲಿಲ್ಲ ಎಂಬುದು ನಿನಗೆ ಗೊತ್ತಿಲ್ಲ. ಆ ಸಲದ ಶಿರಸಿ ಮಾರಿಕಾಂಬೆಯ ಜಾತ್ರೆಯಲ್ಲಿ, ಬಿಡಕಿಬೈಲಿನ ಬಳೆ ಅಂಗಡಿಗೆ ಅಡಿಕೆ ಮಾರಿದ ದುಡ್ಡಷ್ಟನ್ನೂ ಸುರಿದು ಬಂದಳು. ಅದಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು ಮಳೆಗಾಲ ಹಿಡಿಯುವವರೆಗೂ ಏಳಲಿಲ್ಲ.

ಕಾಲೇಜಿಗೆ ಹೋದ ಮೇಲೆ ಗ್ರಂಥಾಲಯದಲ್ಲಿ ಒಂದು ಪುಸ್ತಕ ಸಿಕ್ಕಿತು. ಉನ್ಮಾದದ ಲಕ್ಷಣಗಳು: ನಿದ್ದೆಯೇ ಬೇಡವೆನಿಸುವುದು, ಮಿತಿಮೀರಿದ ಹುರುಪು, ಲೆಕ್ಕವಿಲ್ಲದ ಖರ್ಚು. ನನ್ನ ತೊಡದೇವಿನ ರಾತ್ರಿ ಅಲ್ಲಿ ಅಚ್ಚಾಗಿ ಕೂತಿತ್ತು. ಎಷ್ಟೋ ವರ್ಷ ನಾನು ತೊಡದೇವು ಮುಟ್ಟಲಿಲ್ಲ.

ಈಗ ಅಷ್ಟು ಸಿಟ್ಟಿಲ್ಲ. ಎರಡು ಗಂಟೆಗೆ ಅವಳನ್ನು ಎಬ್ಬಿಸಿದ್ದು ಕಾಯಿಲೆಯೇ ಇರಬಹುದು. ಹಾಳೆ ಹರಿಯದಂತೆ ಎತ್ತುವುದನ್ನು ಆ ಕೈಗೆ ಕಲಿಸಿದವಳು ನನ್ನ ಅಮ್ಮಮ್ಮ.

ಊರಲ್ಲಿ ಯಾರನ್ನಾದರೂ ಹಂಗಿಸಬೇಕಾದರೆ ‘ಧಾರವಾಡಕ್ಕೆ ಕಳಿಸಬೇಕು’ ಎನ್ನುತ್ತಿದ್ದರು. ಶಾಲೆಯಲ್ಲಿ ನಾನೂ ನೀನೂ ಎಷ್ಟು ಸಲ ಅಂದಿದ್ದೇವೆ! ಆಯಿಯನ್ನು ನಿಜವಾಗಿಯೂ ಮುಂಡಗೋಡ, ಹುಬ್ಬಳ್ಳಿಯ ಮೇಲೆ ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದ ನಂತರ ನೀನು ಆ ಮಾತು ಆಡಲಿಲ್ಲ. ಗಮನಿಸಿದ್ದೆ. ಹೇಳಿರಲಿಲ್ಲ, ಅಷ್ಟೇ.

ಉನ್ಮಾದಕ್ಕೆ ಲಿಥಿಯಂ ನಾಟುತ್ತದೆ ಎಂದು ವೈದ್ಯಲೋಕಕ್ಕೆ ತಿಳಿದದ್ದು 1949ರಲ್ಲಿ. ನಮ್ಮ ಮನೆಗೆ ಅದು ಬಂದದ್ದು 1993ರಲ್ಲಿ, ತಾಯಿತ, ನಿಂಬೆಹಣ್ಣು, ಹರಕೆಗಳೆಲ್ಲ ಮುಗಿದ ಮೇಲೆ. ಮೈಯಲ್ಲಿ ನೀರು ಕಡಿಮೆಯಾದರೆ ಆ ಮದ್ದು ರಕ್ತದಲ್ಲಿ ಹೆಚ್ಚಾಗಿ ವಿಷವಾಗುತ್ತದಂತೆ. ವೈದ್ಯರು ದೊಡ್ಡವರನ್ನೆಲ್ಲ ಬಿಟ್ಟು ಹತ್ತು ವರ್ಷದ ನನಗೆ ಹೇಳಿದರು: ‘ಆಯಿಗೆ ನೀರು ಕುಡಿಸುವ ಕೆಲಸ ನಿನ್ನದು.’

ಅಲ್ಲಿಂದ ಶುರುವಾದದ್ದೇ ನನ್ನ ನಿಜವಾದ ಬಾಲ್ಯ ಎಂದರೆ ನಗಬೇಡ. ಮದ್ದಿನಿಂದ ಕೈ ನಡುಗುತ್ತಿತ್ತು, ಅಡಿಕೆ ಸುಲಿಯಲು ಮೆಟ್ಟುಗತ್ತಿಗೆ ಕೂರುವಂತಿರಲಿಲ್ಲ. ಜಗುಲಿಯಲ್ಲಿ ಕೂತು ಒಣಗಿದ ಅಡಿಕೆ ಆರಿಸುತ್ತಿದ್ದಳು. ನಾನು ಶಾಲೆಯಿಂದ ಬಂದವನೇ ತಂಬಿಗೆ ಹಿಡಿದು ಎದುರು ನಿಲ್ಲುತ್ತಿದ್ದೆ. ಎಂಜಲಾಗಬಾರದೆಂದು ಅವಳು ತಂಬಿಗೆ ಎತ್ತಿ ಹಿಡಿದು ಕುಡಿಯುವವಳು. ಕೈ ನಡುಗಿ ನೀರು ಮೂಗಿಗೆ ಹೋಗುತ್ತಿತ್ತು. ‘ನಿನ್ನ ಡಾಕ್ಟರು ನನ್ನನ್ನು ಮುಳುಗಿಸಿಯೇ ಕೊಲ್ಲುತ್ತಾನೆ’ ಎಂದು ಕೆಮ್ಮುತ್ತ ನಗುತ್ತಿದ್ದಳು. ಒಂದು ತಂಬಿಗೆ ಮುಗಿದರೆ ಕವಳದ ಸುಣ್ಣದಿಂದ ಕಂಬಕ್ಕೊಂದು ಗೆರೆ. ನಾನು ಅತ್ತ ತಿರುಗಿದಾಗ ಕುಡಿಯದೆಯೇ ಒಂದು ಗೆರೆ ಹೆಚ್ಚಿಗೆ ಎಳೆದು, ಅಡಿಕೆ ಆರಿಸುವುದರಲ್ಲಿ ಮುಳುಗಿದವಳಂತೆ ತಲೆ ತಗ್ಗಿಸುತ್ತಿದ್ದಳು. ಬೆರಳ ತುದಿಯಲ್ಲಿ ಸುಣ್ಣ ಹಾಗೇ ಇರುತ್ತಿತ್ತು. ‘ತೋರಿಸು ಕೈ’ ಎಂದರೆ ಎಡಗೈ ಚಾಚುತ್ತಿದ್ದಳು!

ಆ ಕಳ್ಳತನದ ಹೆಸರು ಯಾವ ಪುಸ್ತಕದ ಪಟ್ಟಿಯಲ್ಲೂ ನನಗೆ ಸಿಕ್ಕಿಲ್ಲ. ಹುಡುಕಿದ್ದೇನೆ.

ನೀನು ಹೋದ ದಿನ ಸಂಜೆ ಕಂಬದ ಬಳಿ ಹೋಗಿ ನೋಡಿದೆ. ಮೂರು ಸಲ ಬಣ್ಣ ಬಳಿದಾಗಿದೆ, ಏನೂ ಉಳಿದಿಲ್ಲ. ಮಡಕೆ ಮಾತ್ರ ಅಟ್ಟದ ಮೇಲಿದೆ, ಒಡೆದಿಲ್ಲ. ಈ ಸಲ ಆಲೆಮನೆಗೆ ಮಕ್ಕಳನ್ನೂ ಕರೆದುಕೊಂಡು ಬಾ. ನನಗೆ ಹಿಟ್ಟು ಸವರಲು ಬರುವುದಿಲ್ಲ, ಹರಿದದ್ದನ್ನು ತಿನ್ನಬೇಕಾಗುತ್ತದೆ.

ಇಂತಿ,
ನಿನ್ನವನು