ಇಂಧನ ಹೊಂದಾಣಿಕೆ ಶುಲ್ಕದ ಲೆಕ್ಕ ಕೊಡಿ: ವಿದ್ಯುತ್ ನಿಯಂತ್ರಣ ಆಯೋಗದ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಬೆಂಗಳೂರು

ಮಾನ್ಯರೇ,

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಹಿಟ್ಟಿನ ಗಿರಣಿ ನಡೆಸಿ ಬದುಕುವವನು. ನನ್ನ ಗಿರಣಿಯ ಕರೆಂಟ್ ಬಿಲ್ಲಿನಲ್ಲಿ ನಿಗದಿತ ಶುಲ್ಕ, ಬಳಕೆ ಶುಲ್ಕ, ತೆರಿಗೆಗಳ ನಡುವೆ ‘ಎಫ್‌ಪಿಪಿಸಿಎ’ ಎಂಬ ಸಾಲೊಂದು ಬರುತ್ತದೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂದು ಅದರ ಅರ್ಥ. ಒಂದು ತಿಂಗಳು ಅದು ಏರುತ್ತದೆ, ಇನ್ನೊಂದು ತಿಂಗಳು ಇಳಿಯುತ್ತದೆ. ಏರಿದಾಗಲೂ ಕಾರಣ ತಿಳಿಯುವುದಿಲ್ಲ, ಇಳಿದಾಗಲೂ ತಿಳಿಯುವುದಿಲ್ಲ. ಇದರ ಲೆಕ್ಕ ಕೊಡಿ ಎಂದು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇನೆ, ಯಾರೂ ಕೊಡಲಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ತಮಗೆ ಬರೆಯುತ್ತಿದ್ದೇನೆ. ಈ ಶುಲ್ಕವನ್ನು ಬಿಲ್ಲಿಗೆ ಸೇರಿಸುವ ಮೊದಲು ಅದರ ಪೂರ್ತಿ ಲೆಕ್ಕವನ್ನು ಕನ್ನಡದಲ್ಲಿ ಪ್ರಕಟಿಸಬೇಕು ಎಂಬುದೊಂದೇ ನನ್ನ ಬೇಡಿಕೆ.

2003ರ ವಿದ್ಯುಚ್ಛಕ್ತಿ ಕಾಯ್ದೆ ತಮಗೆ ಗೊತ್ತಿರುವಂಥದ್ದೇ. ದರ ಪರಿಷ್ಕರಿಸುವಾಗ ವಿದ್ಯುತ್ ಸರಬರಾಜು ಕಂಪನಿಗಳ ಅರ್ಜಿ ಪ್ರಕಟವಾಗಬೇಕು, ಜನರ ಸಲಹೆ ಮತ್ತು ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ಆದೇಶ ಹೊರಡಬೇಕು ಎಂದು 64ನೇ ಕಲಂ ಹೇಳುತ್ತದೆ. ದರವನ್ನು ಸಾಮಾನ್ಯವಾಗಿ ಆರ್ಥಿಕ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬದಲಿಸುವಂತಿಲ್ಲ ಎನ್ನುವ 62ನೇ ಕಲಂ, ಈ ಹೊಂದಾಣಿಕೆಯನ್ನು ಲೆಕ್ಕ ಹಾಕುವ ಇಂಧನ ಸರ್‌ಚಾರ್ಜ್ ಸೂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮಗಳಿಗೆ ತಿದ್ದುಪಡಿ ತಂದ ಮೇಲೆ ಈ ವಸೂಲಿ ಪ್ರತಿ ತಿಂಗಳೂ ತಾನಾಗಿಯೇ ನಡೆಯುವ ವ್ಯವಸ್ಥೆ ಬಂತು. ಏಪ್ರಿಲ್‌ನಲ್ಲಿ ಆದ ಹೆಚ್ಚುವರಿ ವೆಚ್ಚ ಜೂನ್ ಬಿಲ್ಲಿನಲ್ಲಿ ಬರುತ್ತದೆ. ಅದರ ಅಂತಿಮ ಪರಿಶೀಲನೆ ಆಗುವುದು ವರ್ಷ ಮುಗಿದ ಮೇಲೆ. ಅಂದರೆ ದೊಡ್ಡ ಬಾಗಿಲಿನಿಂದ ಬರುವ ದರಕ್ಕೆ ವಿಚಾರಣೆ ಇದೆ, ತಿಂಗಳು ತಿಂಗಳು ಹಿತ್ತಲ ಬಾಗಿಲಿನಿಂದ ಬರುವುದಕ್ಕೆ ಮುಂಚಿತವಾಗಿ ಕೇಳುವವರೇ ಇಲ್ಲ.

ನನ್ನ ಗಿರಣಿಯ ಗೋಡೆಯ ಮೇಲೆ ಜೋಳಕ್ಕಿಷ್ಟು, ಗೋಧಿಗಿಷ್ಟು, ಖಾರದ ಪುಡಿಗಿಷ್ಟು ಎಂದು ಕಿಲೋ ಲೆಕ್ಕದಲ್ಲಿ ದರ ಬರೆಸಿದ್ದೇನೆ. ಏಪ್ರಿಲ್‌ನಲ್ಲಿ ಜೋಳ ಬೀಸಿಸಿಕೊಂಡು ಹೋದ ಅಜ್ಜಿಯನ್ನು ಜೂನ್‌ನಲ್ಲಿ ತಡೆದು, ಆಗ ನನಗೆ ಖರ್ಚು ಜಾಸ್ತಿ ಬಂದಿತ್ತು, ಉಳಿದ ದುಡ್ಡು ಕೊಡು ಎಂದು ಕೇಳಿದರೆ ಆಕೆ ಬಿಟ್ಟಾಳೆಯೇ? ಬಿಲ್ ಏರಿದ ತಿಂಗಳು ಕಿಲೋಗೆ ಒಂದು ರೂಪಾಯಿ ಹೆಚ್ಚಿಸೋಣವೆಂದರೆ, ‘ಕರೆಂಟ್ ಫ್ರೀ ಅಲ್ವೇನಣ್ಣ?’ ಎನ್ನುತ್ತಾರೆ. ಗೃಹಜ್ಯೋತಿ ಇರುವುದು ಮನೆಗಳಿಗೆ, ಗಿರಣಿಗಲ್ಲ ಎಂದು ಎಷ್ಟು ಜನರಿಗೆ ಬಿಡಿಸಿ ಹೇಳಲಿ?

ಈ ಪತ್ರ ಬರೆಸಿದ್ದು ಒಂದು ಸಂತೆಯ ದಿನದ ಘಟನೆ. ಬಿಲ್ಲಿನ ಉಳಿದ ಮೊತ್ತವನ್ನೆಲ್ಲ ಕಟ್ಟಿ, ಹೊಂದಾಣಿಕೆ ಶುಲ್ಕವನ್ನಷ್ಟೇ ತಡೆಹಿಡಿದು, ಅದರ ಲೆಕ್ಕ ಕೊಟ್ಟರೆ ಅಂದೇ ಕಟ್ಟುತ್ತೇನೆ ಎಂದು ನಮ್ಮ ಸೆಕ್ಷನ್ ಆಫೀಸಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಂಡಿದ್ದೆ. ಉತ್ತರ ಬರಲಿಲ್ಲ, ಲೈನ್‌ಮನ್ ಬಂದರು. ಸಂಪರ್ಕ ಕಡಿತಕ್ಕೆ ಮುನ್ನ 15 ದಿನಗಳ ಲಿಖಿತ ನೋಟಿಸ್ ಕೊಡಬೇಕೆಂಬ 56ನೇ ಕಲಮಿನ ಮಾತನ್ನು ಎತ್ತುವಷ್ಟರಲ್ಲಿ ಅವರು ಕಂಬ ಹತ್ತಿಯಾಗಿತ್ತು. ಸುತ್ತಲಿನ ಹಳ್ಳಿಗಳಿಂದ ಡಬ್ಬ, ಚೀಲ ಹಿಡಿದು ಬಂದ ಹೆಂಗಸರು ಬಾಗಿಲಲ್ಲಿ ಸಾಲಾಗಿ ಕೂತಿದ್ದರು. ಅರ್ಧ ಬೀಸಿದ ಗೋಧಿ ಕಲ್ಲಿನ ನಡುವೆ ಸಿಕ್ಕಿಕೊಂಡಿತು. ಕಚೇರಿಗೆ ಓಡಿದರೆ, ‘ಅದು ಮೇಲಿಂದ ಬರುತ್ತೆ, ಕಂಪ್ಯೂಟರ್ ಹಾಕುತ್ತೆ, ನಮಗೂ ಗೊತ್ತಿಲ್ಲ’ ಎಂದರು. ದುಡ್ಡು ಕಟ್ಟಿಸಿಕೊಂಡ ಮೇಲೂ ಮರುಜೋಡಣೆಗೆ ಸಂಜೆಯವರೆಗೆ ಕಾಯಿಸಿದರು. ಆ ಹೊತ್ತಿಗೆ ಸಂತೆ ಮುಗಿದಿತ್ತು, ಗಿರಾಕಿಗಳು ಬಸ್ಸಿಗೆ ಹೊತ್ತಾಯಿತೆಂದು ಬೇರೆ ಗಿರಣಿಗೆ ಹೋಗಿದ್ದರು. ಸ್ವಾಮಿ, ಲೆಕ್ಕ ಕೇಳುವುದು ಅಪರಾಧವೇ? ವಸೂಲಿ ಮಾಡುವ ಕಚೇರಿಗೇ ಗೊತ್ತಿಲ್ಲದ ಶುಲ್ಕವನ್ನು ನಾನು ಯಾವ ನಂಬಿಕೆಯ ಮೇಲೆ ಕಟ್ಟಬೇಕು?

ವೆಚ್ಚ ಏರುವುದೇ ಸುಳ್ಳು ಎಂದು ನಾನು ವಾದಿಸುತ್ತಿಲ್ಲ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. 1720 ಮೆಗಾವ್ಯಾಟ್‌ನ ರಾಯಚೂರು ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಿಂದಲೂ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. ಉಡುಪಿ ಜಿಲ್ಲೆಯ ಸ್ಥಾವರ ಆಮದು ಕಲ್ಲಿದ್ದಲಿಗಾಗಿಯೇ ಕಟ್ಟಿದ್ದು. 2023ರಂತೆ ಮಳೆ ಕೈಕೊಟ್ಟು ಲಿಂಗನಮಕ್ಕಿ ತುಂಬದಿದ್ದರೆ ಶರಾವತಿಯ ಅಗ್ಗದ ವಿದ್ಯುತ್ ಕಡಿಮೆಯಾಗಿ, ಹೊರಗಿನಿಂದ ದುಬಾರಿ ಬೆಲೆಗೆ ಕೊಳ್ಳಬೇಕಾಗುತ್ತದೆ. ಇವೆಲ್ಲ ಒಪ್ಪತಕ್ಕ ಕಾರಣಗಳೇ. ಆದರೆ ನನ್ನ ಬಿಲ್ಲಿನ ಆ ಪೈಸೆಗಳಲ್ಲಿ ಕಲ್ಲಿದ್ದಲಿನ ಪಾಲೆಷ್ಟು, ರೈಲು ಬಾಡಿಗೆಯ ಪಾಲೆಷ್ಟು, ವಿದ್ಯುತ್ ಕೊಂಡು ಮಾರುವ ಮಾರುಕಟ್ಟೆಯಾದ ವಿನಿಮಯ ಕೇಂದ್ರದಲ್ಲಿ ಕೊಂಡದ್ದರ ಪಾಲೆಷ್ಟು, ಮೊದಲೇ ಯೋಜಿಸಿ ಕೊಳ್ಳದೆ ಕೊನೆಗಳಿಗೆಯಲ್ಲಿ ಕೊಂಡ ತಪ್ಪಿನ ಪಾಲೆಷ್ಟು? ಮಳೆ ಚೆನ್ನಾಗಿ ಸುರಿದ ವರ್ಷ ಉಳಿತಾಯವಾದದ್ದು ನಮಗೆ ಪೂರ್ತಿ ತಲುಪಿತೇ? ಇದನ್ನು ಹೇಳದೆ ಸೂತ್ರ ಇದೆ ಎಂದರೆ ಸಾಲದು.

ಮುಂಚಿತವಾಗಿ ಹೇಳಲು ಆಯೋಗಕ್ಕೆ ಬಾರದೆಂದೂ ಅಲ್ಲ. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ, ಮುಂದಿನ ವರ್ಷ 35, ಅದರ ಮುಂದಿನ ವರ್ಷ 34 ಪೈಸೆ ಎಂದು ಮೂರು ವರ್ಷದ್ದನ್ನು ಒಟ್ಟಿಗೇ ಆದೇಶದಲ್ಲಿ ತಿಳಿಸಿದಿರಿ. ಆ ಹೊರೆಯ ನ್ಯಾಯಾನ್ಯಾಯ ಬೇರೆ ಮಾತು, ಅದು ನನಗೆ ಸಮ್ಮತವಲ್ಲ. ಆದರೂ ಎಷ್ಟು, ಯಾಕೆ ಎಂಬುದಾದರೂ ಗೊತ್ತಾಯಿತು. ಇಂಧನ ಶುಲ್ಕಕ್ಕೆ ಆ ಮಾತ್ರದ ಮರ್ಯಾದೆಯೂ ಬೇಡವೇ?

ಪಾರದರ್ಶಕತೆ ಕಾಪಾಡುವುದು ರಾಜ್ಯ ಆಯೋಗದ ಕರ್ತವ್ಯವೆಂದು 86ನೇ ಕಲಮಿನಲ್ಲೇ ಇದೆ. ಹಾಗಾಗಿ ಮತ್ತೆ ಕೇಳುತ್ತೇನೆ: ಯಾವ ಸ್ಥಾವರದಿಂದ ಎಷ್ಟು ಯೂನಿಟ್, ಯಾವ ಬೆಲೆಗೆ ಕೊಂಡರು, ಅಂದಾಜಿಗಿಂತ ಎಷ್ಟು ಹೆಚ್ಚಾಯಿತು ಎಂಬ ಲೆಕ್ಕ ಪ್ರತಿ ತಿಂಗಳೂ ಶುಲ್ಕ ಬಿಲ್ಲಿಗೆ ಏರುವ ಮೊದಲೇ ಕನ್ನಡದಲ್ಲಿ ಪ್ರಕಟವಾಗಲಿ, ಅದರ ಪ್ರತಿ ಪ್ರತಿಯೊಂದು ಸೆಕ್ಷನ್ ಆಫೀಸಿನ ಗೋಡೆಯ ಮೇಲಿರಲಿ. ಲೆಕ್ಕ ಪ್ರಕಟಿಸದ ತಿಂಗಳು ಆ ಶುಲ್ಕವನ್ನು ವಸೂಲು ಮಾಡಬಾರದೆಂದು, ಲೆಕ್ಕ ಕೇಳಿದವರಿಗೆ ಉತ್ತರ ಕೊಡುವವರೆಗೆ ಸಂಪರ್ಕ ಕಡಿಯಬಾರದೆಂದು ಕಂಪನಿಗಳಿಗೆ ಆದೇಶಿಸಿ. ಮುಂದಿನ ಬಿಲ್ ಬರುವುದರೊಳಗೆ ತಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಿಟ್ಟಿನ ಗಿರಣಿಯ ಮಾಲೀಕ ಮತ್ತು ವಿದ್ಯುತ್ ಬಳಕೆದಾರ